ನಾಲ್ಕು ವಾಕ್ಯದ ಚಿತ್ರಕ್ಕೆ ಅಡಿಬರಹ

ಏಳು ನಿಮಿಷದ ಚಿತ್ರ. ಕಲೋನಿನ ಯಾವುದೋ ಅಡುಗೆಮನೆ.
ಆ ಊರನ್ನು ಕುಂಬಳೆಯಲ್ಲಿ ನಾವು ಕಂಡದ್ದು
ದುಬೈಯಿಂದ ಬಂದವರ ಪೆಟ್ಟಿಗೆಯಲ್ಲಿ,
ಸೆಂಟು ಬಾಟಲಿಯ ಚೀಟಿಯ ಮೇಲೆ ಮಾತ್ರ.

ಇಬ್ಬರು ಗಂಡಸರ ಕೈಗಳು. ಮುಖವಿಲ್ಲ.
ಒಬ್ಬ ಲೋಟ ತೊಳೆಯುತ್ತಾನೆ, ಒಬ್ಬ ಒರೆಸುತ್ತಾನೆ,
ಒರೆಸಿದ ಲೋಟವನ್ನೇ ಮತ್ತೆ ತೊಳೆಯುತ್ತಾರೆ,
ಮುಗಿಯಬಾರದು ಎಂಬಂತೆ.
ರೀಲಿನ ಮೇಲೆ ಯಾರೋ ಸೂಜಿಯಿಂದ ಗೀರಿದ್ದಾರೆ:
ಬಿಳಿ ಗೀಟುಗಳು ಮೊಣಕೈಯಿಂದ ಮೊಣಕೈಗೆ
ಮಿಡತೆಯ ಹಾಗೆ ಹಾರುತ್ತವೆ.

ಫಿಲ್ಮ್ ಸೊಸೈಟಿಯವರು ಪೆನ್‌ಡ್ರೈವ್ ಕೊಟ್ಟು ಹೇಳಿದರು:
"ಮಲಯಾಳದ್ದು ಆಯ್ತು. ಕನ್ನಡದ್ದು ನೀನು ಮಾಡು ವಾಮನ,
ಇಲ್ಲದಿದ್ದರೆ ನಮ್ಮವರೇ ಮನವಿ ಹಿಡಿದು ಬರ್ತಾರೆ."
ನಾನು ಮದುವೆ ವಿಡಿಯೋದವ.
ಐದು ಭಾಷೆಯ ಮದುಮಕ್ಕಳ ಹೆಸರು
ಹೃದಯದ ಚೌಕಟ್ಟಿನೊಳಗೆ ತಪ್ಪಿಲ್ಲದೆ ಕೂರಿಸಿದವ.
ನಾಲ್ಕು ವಾಕ್ಯ ಎಂತ ದೊಡ್ಡದು ಮಾರಾಯ್ರೆ, ಎಂದೆ.

ಒಂದು: ನೀರು ತಣ್ಣಗಿದೆ.
ಎರಡು: ಬಾಗಿಲಲ್ಲಿ ಯಾರೋ ಇದ್ದಾರೆ.
ಮೂರು, ಬಾಗಿಲಲ್ಲಿ ನಿಂತವರಿಗೆ: ಇವನು ನನ್ನ

ಅಲ್ಲಿ ನಿಂತೆ.
ಫ್ರಾಯಿಂಡ್. ಶಬ್ದಕೋಶ ಗೆಳೆಯ ಎನ್ನುತ್ತದೆ.
ಆದರೆ ಅವರಲ್ಲಿ ಮುಂದೆ 'ನನ್ನ' ಬಂದು ನಿಂತರೆ
ಅದೇ ಪದ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತದಂತೆ.

ಗೆಳೆಯ ಎಂದು ಬರೆದೆ. ನಾಲ್ಕನೇ ಕ್ಲಾಸಿನ ಪಾಠದಿಂದ
ಉಪ್ಪು ಹಚ್ಚಿದ ಮಾವಿನಕಾಯಿ ಹಿಡಿದು ಇಬ್ಬರು ಎದ್ದು ಬಂದರು.
ಅಳಿಸಿದೆ. ಪ್ರಿಯಕರ: ನಾಟಕದ ಅಂಟಿಸಿದ ಮೀಸೆ.
ಸಂಗಾತಿ ಎಂದರೆ ಪತ್ರಿಕೆಯ ಒಳಪುಟ,
ವಯಸ್ಸು, ಎತ್ತರ, ಗೋತ್ರ ತಿಳಿಸಿ.

ಹಿಂದೆ, ಫೋಟೋ ಪರದೆಯ ಬಣ್ಣದ ಜಲಪಾತದ ಕೆಳಗೆ
ಚಾಪೆ ಹಾಸಿ ಬಾತಿಷ ಮಲಗಿದ್ದ.
ಕೊನೇ ಬಸ್ಸು ತಪ್ಪಿತೆಂದು ತಳಂಗರೆಗೆ ಫೋನು ಮಾಡಿದ್ದ.
ಆರು ವರ್ಷದಿಂದ, ವಾರಕ್ಕೆ ಎರಡು ಸಲ,
ಅವನಿಗೆ ಕೊನೇ ಬಸ್ಸು ತಪ್ಪುತ್ತದೆ.

ನನ್ನಮ್ಮ ಅಪ್ಪನ ಹೆಸರು ಹೇಳಿದ್ದು ನಾನು ಕೇಳಿಲ್ಲ.
ರೇಷನ್ ಅಂಗಡಿಯಲ್ಲೂ ಕಾರ್ಡನ್ನು ಮುಂದೆ ತಳ್ಳುತ್ತಿದ್ದಳು,
ನೀವೇ ಓದಿಕೊಳ್ಳಿ ಎಂದು.
ಬಾಗಿಲಿಗೆ ಹೊಸಬರು ಬಂದರೆ
ಅಪ್ಪನ ಕಡೆ ತಿರುಗದೆ, ಗಲ್ಲ ಮಾತ್ರ ಅತ್ತ ತೋರಿಸಿ
ಎರಡೇ ಮಾತು.
ಬೆರಳು ತಾನಾಗಿ ಒತ್ತಿತು:
ಇವರು, ನಮ್ಮನೆಯವರು.

ಸಹಕಾರಿ ಸಂಘದ ಮಾಳಿಗೆ. ಹದಿನಾಲ್ಕು ಜನ.
ಸಾಲದ ಮೀಟಿಂಗೆಂದು ತಪ್ಪಿ ಬಂದ ಜಲಜಾಕ್ಷಿ ಟೀಚರು
ಫ್ಯಾನಿನ ಕೆಳಗೆ ಕೂತಿದ್ದರು, ಚೀಲ ಮಡಿಲಲ್ಲಿ.
ಚಿತ್ರಕ್ಕೆ ಸದ್ದಿಲ್ಲ. ಸದ್ದನ್ನು ಹಳಿಯ ಮೇಲಿನ
ಗೂಡ್ಸ್ ಗಾಡಿ ಕೊಟ್ಟಿತು, ಅಷ್ಟೂ ಡಬ್ಬಿಗಳಿಂದ.
ಮೂರನೆಯ ವಾಕ್ಯ ಬಂತು.
ಹಿಂದಿನ ಸಾಲಲ್ಲಿ ಒಬ್ಬ ನಕ್ಕ. "ಎಂತದು ಇದು?"
ಟೀಚರು ತಿರುಗಲಿಲ್ಲ.
"ಅವರ ಮನೆಯವರಂತೆ. ಸುಮ್ಮನೆ ನೋಡಿ."

ಮತ್ತೆ ಲೋಟ, ನೀರು, ಮಿಡತೆ.
ನಾಲ್ಕನೆಯ ವಾಕ್ಯವನ್ನು ನಾನೇ ನೋಡಲಿಲ್ಲ.

ಮೆಟ್ಟಿಲಿಳಿಯುವಾಗ ಬಾತಿಷ ಹೇಳಿದ:
"ಗೀರಿದವನಿಗೆ ಸೂಜಿ ಕೈಗೆ ಕೂತಿಲ್ಲ.
ನನ್ನ ಉಮ್ಮ ಇಂಥ ಹೊಲಿಗೆಯ ಟೊಪ್ಪಿಯನ್ನು ಬಿಚ್ಚಿಸುತ್ತಿದ್ದಳು."
ಕನ್ನಡ ಓದಲು ಬರುವುದಿಲ್ಲ ಅವನಿಗೆ.
ಮೇಲಿನ ಮಲಯಾಳ ಕೂಟ್ಟುಕಾರನ್ ಎಂದು ಮುಗಿಸಿತ್ತು.
"ಆ ಒಂದು ಕಡೆ," ಅಂದ,
"ನಿಮ್ಮ ಸಾಲು ಯಾಕೆ ಅಷ್ಟು ಉದ್ದ?"

ಕನ್ನಡ ಹಾಗೇ, ಸುತ್ತಿ ಬರುತ್ತದೆ, ಎಂದೆ.
ಅವನು ನನ್ನನ್ನೇ ನೋಡಿದ, ಏನೂ ಕೇಳಲಿಲ್ಲ.

ಸ್ಟ್ಯಾಂಡಿನಲ್ಲಿ ಕಾಸರಗೋಡಿನ ಕೊನೇ ಬಸ್ಸು
ದೀಪ ಹಾಕಿಕೊಂಡು, ಖಾಲಿ ಸೀಟು ತೋರಿಸಿಕೊಂಡು ನಿಂತಿತ್ತು.
ಕಂಡಕ್ಟರು ನಮ್ಮತ್ತ ಕೈಮಾಡಿ ಕರೆಯುತ್ತಿದ್ದ.
ಅದು ಹೋಗುವಷ್ಟು ಹೊತ್ತಿಗೆ ಸಾಕಾಗುವ ಹಾಗೆ
ಎರಡು ಚಹಾ ಹೇಳಿದೆವು, ಬಿಸಿ ಜಾಸ್ತಿ.