ಗಾಳಿಪಟದ ಬೆನ್ನು

ಭಾನುವಾರ ಹತ್ತು ಗಂಟೆ. ವಡಾಲದ ನಮ್ಮ ಕನ್ನಡ ತರಗತಿಗೆ
ಹದಿನಾಲ್ಕು ಮಕ್ಕಳು, ಒಂಬತ್ತು ಚಾಪೆ, ಒಂದು ಫ್ಯಾನು.
ಜೆರಾಕ್ಸ್ ಅಂಗಡಿಯವರು ಅರ್ಧ ದುಡ್ಡಿಗೆ ತೆಗೆದುಕೊಟ್ಟ
ಹಾಳೆ ಹಂಚಿದೆ. ನಡುವೆ ದೊಡ್ಡ ಗಾಳಿಪಟ,
ಕೆಳಗೆ ಗಂಟು ಗಂಟಾಗಿ ಬಾಲಂಗೋಚಿ.
‘ಗೆರೆ ದಾಟದ ಹಾಗೆ ಬಣ್ಣ ತುಂಬಿ’ ಅಂದೆ.

ಮೊದಲ ತಕರಾರು ಪ್ರೀತೇಶ ದೇವಾಡಿಗನದು:
‘ಟೀಚರ್, ಪತಂಗಕ್ಕೆ ಎಲ್ಲಿಯ ಬಾಲ?
ಬಾಲ ಇದ್ದರೆ ಪೇಚ್ ಹಾಕೋದು ಹೇಗೆ?’
ಕನ್ನಡದಲ್ಲಿ ಪತಂಗ ಅಂದರೆ
ದೀಪಕ್ಕೆ ಬಂದು ಬೀಳುವ ಹುಳ, ಅಂದೆ.
ಇದು ಗಾಳಿಪಟ. ಪಟ ಅಂದರೆ ಬಟ್ಟೆ, ಪಟ ಅಂದರೆ ಚಿತ್ರ;
ಗಾಳಿ ತನ್ನ ಗೋಡೆಗೆ ತಾನೇ ತೂಗುಹಾಕಿಕೊಂಡದ್ದು.
‘ಗಾಳಿಗೆ ಗೋಡೆ ಎಲ್ಲಿದೆ?’ ಅಂದಳು ಮೆಹಬೂಬಿ.
ಉತ್ತರ ಗೊತ್ತಿಲ್ಲದಾಗ ನಾನು ಹಾಜರಿ ತೆಗೆಯುತ್ತೇನೆ.

ಬಾಲಂಗೋಚಿ ಯಾಕೆಂದರೆ,
ತೀರ ಹಗುರಾದದ್ದು ಗಿರಕಿ ಹೊಡೆಯುತ್ತದೆ.
ಹಿಂದಿನಿಂದ ಜಗ್ಗುವ ಚಿಂದಿಯೊಂದಿದ್ದರೆ
ತಲೆ ನೆಟ್ಟಗೆ ನಿಲ್ಲುತ್ತದೆ.
ಪ್ರೀತೇಶ ತನ್ನ ತಂಗಿಯ ಕಡೆ ನೋಡಿದ,
ಎಲ್ಲಿ ಹೋದರೂ ಅವನ ಅಂಗಿಯ ತುದಿ ಹಿಡಿದೇ ಬರುವವಳು.

ಬಣ್ಣದ ಕಡ್ಡಿ ತಿಕ್ಕುವ ಸದ್ದಿನ ನಡುವೆ ಇನ್ನಷ್ಟು ಹೇಳಿದೆ:
ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ
ಬಿದಿರಿಗೆ ರೇಷ್ಮೆ ಕಟ್ಟಿ ಹಾರಿಸಿದರಂತೆ.
ವಿಮಾನ ಹುಟ್ಟುವ ಮೊದಲು ಗಾಳಿಪಟಕ್ಕೆ ಥರ್ಮಾಮೀಟರು ಕಟ್ಟಿ
ಆಕಾಶದ ಹಣೆ ಮುಟ್ಟಿ ನೋಡುತ್ತಿದ್ದರು,
ಜ್ವರ ಬಂದ ಮಗುವಿನದನ್ನು ಮುಟ್ಟಿದ ಹಾಗೆ.
ನಯಾಗರದ ಕಣಿವೆಗೆ ಸೇತುವೆ ಕಟ್ಟುವಾಗ
ಮೊದಲ ದಾರ ದಾಟಿಸಿದ್ದು ಒಬ್ಬ ಹುಡುಗನ ಗಾಳಿಪಟ;
ಆ ದಾರಕ್ಕೆ ಹುರಿ, ಹುರಿಗೆ ಹಗ್ಗ, ಹಗ್ಗಕ್ಕೆ ಕಬ್ಬಿಣ.
‘ಅವನಿಗೆ ಎಷ್ಟು ಕೊಟ್ಟರು?’ ಕೇಳಿದ ಸಿದ್ಧಾರೂಢ.
ಐದೋ ಹತ್ತೋ ಡಾಲರು.
‘ಇಡೀ ಬ್ರಿಜ್ಜಿಗೆ?’
ಅವನಪ್ಪ ಮೆಟ್ರೊ ಕಂಬದ ಕೆಲಸಕ್ಕೆ ಹೋಗುತ್ತಾನೆ,
ಕೂಲಿಯ ಲೆಕ್ಕ ಅವನಿಗೆ ಮಗ್ಗಿಗಿಂತ ಬೇಗ ಬರುತ್ತದೆ.

ಮಾಂಜಾ ಬೇಡ ಅಂತ ನಾನು ಹೇಳಬೇಕಾಗಲಿಲ್ಲ.
ಹೋದ ಸಂಕ್ರಾಂತಿಗೆ ರೆಕ್ಕೆ ಸೀಳಿದ ಹದ್ದನ್ನು
ಬಿಸ್ಕತ್ತಿನ ರಟ್ಟಿನಲ್ಲಿಟ್ಟು ಪರೇಲಿನ ಆಸ್ಪತ್ರೆಗೆ ಒಯ್ದ ಮೂವರು
ಅಲ್ಲೇ ಕೂತಿದ್ದರು, ಕಂದು ಬಣ್ಣಕ್ಕಾಗಿ ಜಗಳವಾಡುತ್ತ.

ಭಾಗ್ಯವಂತಿ ಮಾತ್ರ ಹಾಳೆ ಮಗುಚಿ ಹಾಕಿದ್ದಳು.
ಗೆರೆಯಿಲ್ಲದ ಹಿಂಬದಿಗೆ ಹಳದಿ, ಮೇಲೆ ಕೆಂಪು,
ನಡುವೆ ಹಸಿರು ಬಳೆಯಂಥದ್ದೇನೋ.
‘ಚಿತ್ರ ಈ ಕಡೆ ಇದೆಯಲ್ಲೇ!’
‘ಹೌದ್ರಿ ಟೀಚರ್. ಆದ್ರ ನಮ್ಮವ್ವ ಮ್ಯಾಲ ಅದಾಳ್ರಿ.
ಮೂವತ್ತೊಂದನೇ ಮಾಳಗಿ. ಭಾಂಡೆ ತಿಕ್ಕತಾಳ.
ಕೆಳಗ ನಿಂತವ್ರಿಗೆ ಇದರ ಹೊಟ್ಟಿ ಕಾಣತೈತಿ,
ಆಕಿಗೆ ಬೆನ್ನು.’

ಇಷ್ಟು ವರ್ಷ ಹೇಳಿಕೊಟ್ಟಿದ್ದೇನೆ,
ಗಾಳಿಪಟಕ್ಕೆ ಬೆನ್ನಿದೆಯೆಂದು ನನಗೆ ಹೊಳೆದಿರಲಿಲ್ಲ.

ಸಂಕ್ರಾಂತಿಯ ದಿನ ನೀರಿನ ಟಾಕಿಯ ಪಕ್ಕದ ತಾರಸಿ.
ತೆಂಗಿನ ಕಡ್ಡಿ, ಅನ್ನದ ಅಂಟು,
ನನ್ನ ಹಳೇ ದುಪಟ್ಟದಿಂದ ಹರಿದ ಬಾಲಂಗೋಚಿ,
ಕಟ್ಟಿದವನು ಪ್ರೀತೇಶನೇ.
ಎರಡು ಸಲ ಮೂಗು ಮುರಿದು ಬಿತ್ತು.
ಮೋನೊರೈಲು ಹಾದುಹೋದ ಮೇಲೆ ಕಡಲ ಕಡೆಯ ಗಾಳಿ ಬಂತು.
ಸೂತ್ರ ಬಿಗಿಯಾಯಿತು, ಎದ್ದಿತು.
ಎದುರಿನ ಟವರಿನ ಎಂಟನೇ ಮಾಳಿಗೆಯಷ್ಟು ಎತ್ತರ, ಅಷ್ಟೇ.

ಭಾಗ್ಯವಂತಿ ಕತ್ತೆತ್ತಿ ಎಣಿಸುತ್ತಿದ್ದಾಳೆ.
ಇಪ್ಪತ್ತಾರು, ಇಪ್ಪತ್ತೇಳು, ಅಠ್ಠಾವೀಸ್.
ನಾಲಿಗೆ ಕಚ್ಚಿಕೊಂಡು ಮತ್ತೆ ಒಂದರಿಂದ.
ಈಗ ಎಲ್ಲರೂ ಜೊತೆಗೆ, ಮೆಹಬೂಬಿ ಬೆರಳು ಮಡಚುತ್ತ,
ದಾರ ಹಿಡಿದವನೂ.

ಎಲ್ಲೋ ಮೇಲೆ ಒಂದು ಕಿಟಕಿಯಲ್ಲಿ ಏನೋ ಆಡಿತು.
ಒರೆಸುವ ಬಟ್ಟೆ ಇರಬಹುದು, ಪರದೆ ಇರಬಹುದು.
ಎಷ್ಟನೆಯದೆಂದು ಕೇಳಬೇಡಿ,
ನಾವಿನ್ನೂ ಹತ್ತೊಂಬತ್ತರಲ್ಲಿದ್ದೆವು.