ಕಂಬಿಗಂಟಿ

ನಮ್ಮೂರಿಗೆ ರಾಜರು ಬಂದಿಲ್ಲ. ಒಮ್ಮೆ ದಂಡು ಬಂದಿತ್ತಂತ,
ಬಾವಿನೀರು ಉಪ್ಪಂತ ಉಗುಳಿ ಹಂಗ ಮುಂದ ಹೋತಂತ.
ಇದ್ದ ಒಂದು ವೀರಗಲ್ಲು ಅಗಸರ ಹಳ್ಳದಾಗ
ಮಕಾಡೆ ಬಿದ್ದು, ಅರಿವಿ ಒಗಿಸಿಗೊಂತ ಸವದೈತಿ.

ತಾಲೂಕಾ ಆದದ್ದು ಒಂದು ಎತ್ತಿನ ದೆಸಿಯಿಂದ.
ಖಜಾನಿಪೆಟಿಗಿ ಹೊತ್ತ ಬಂಡಿ ಗದಗಿನ ಹಾದ್ಯಾಗಿತ್ತು.
ಎರಿಮಣ್ಣು, ಜಡಿಮಳಿ. ಬಲಕಿನ ಎತ್ತು ಕುಂತದ್ದು ಏಳಲಿಲ್ಲ.
ಪೆಟಿಗಿ ಇಳಿಸಿದರು. ಪೆಟಿಗಿಗೆ ಪಹರೆ ಬೇಕು,
ಪಹರೆಗೆ ನೆರಳು, ನೆರಳಿಗೆ ಗ್ವಾಡಿ, ಗ್ವಾಡಿಗೆ ಬಾಗಲಾ,
ಬಾಗಲಾ ಅಂದಮ್ಯಾಲೆ ಮಾಮಲೇದಾರ ಬಂದ.
ಎತ್ತಿನ ಹೆಸರು ಯಾ ದಫ್ತರದಾಗೂ ಇಲ್ಲ.

ಆಮ್ಯಾಲೆ ರೈಲು ಬರತೈತಿ ಅಂದರು.
ಸರಪಳಿ ಎಳೆದು ಹೊಲಾ ಅಳೆದರು, ಗೂಟಾ ಬಡದರು.
ಕಿರಾಣಿ ಅಂದಾನೆಪ್ಪ ಹೊಸ ಅಂಗಡಿ ಕಟ್ಟಿಸಿದ,
ಬರಲಿರೂ ಟೇಶನ್ನಿಗೆ ಮಾರಿ ಮಾಡಿ.
ರೈಲು ಐದು ಹರದಾರಿ ಆಚೆ ಹಾದುಹೋತು.
ಅಂಗಡಿ ಬಾಗಲಾ ಇಂದಿಗೂ ಜಾಲಿಕಂಟಿಗೆ ತೆರೀತೈತಿ.
ಉಳದದ್ದು ಎರಡು ಮೊಳ ಕಂಬಿ.
ಖಜಾನಿ ಮುಂದಿನ ಬೇವಿಗೆ ಅದನ್ನ ಜೋತುಬಿಟ್ಟರು,
ಪಹರೆಯಾಂವ ತಾಸಿಗೊಮ್ಮೆ ಬಡಿಯೂದು.
ಊರಿಗೆಲ್ಲಾ ಅದೊಂದ ಗಡಿಯಾರ:
ಹಾಲಿಗೆ ಹೆಪ್ಪು, ಜೈಲಿನವಗ ರೊಟ್ಟಿ, ನೀರಿನ ಪಾಳಿ.

ನಮ್ಮವ್ವನ ಅಪ್ಪ ಲಾಡಸಾಬ ನದಾಫ
ಇಪ್ಪತ್ತೆರಡು ವರ್ಷ ಬಡದಾನ, ಒಂದೂ ತಪ್ಪಿಲ್ಲ.
ಒಂದು ರಾತ್ರಿ ಹನ್ನೆರಡು ಬಡಿಯೂ ಮುಂದ
ಓಣಿಯಿಂದ ಹುಡುಗ ಓಡಿಬಂದ:
ಹೆಣ್ಣು ಹುಟ್ಟೈತಿ, ತಾಯಿ ಛಲೋ ಅದಾಳ.
ಕೈ ನಿಲ್ಲಲಿಲ್ಲ.
ಹದಿಮೂರು ಬಿತ್ತು.

ಮುಂಜಾನೆ ಸಾಹೇಬ ಕೇಳಿದ, ಅದು ಯಾವ ತಾಸೋ?
ಮುತ್ಯಾ ಸುಮ್ಮನ ನಿಂತ. ಎಂಟಾಣೆ ದಂಡ.
ಆ ಪಾವತಿ ನಾ ಕಂಡೇನಿ, ದಫ್ತರಕೋಣಿಯೊಳಗ,
ಗೆದ್ದಲ ಬಿಟ್ಟ ಕಟ್ಟಿನಾಗ.
ಆಗಿನ ಶಿರಸ್ತೇದಾರ ಪುಣೇದಾಂವ, ಮೋಡಿಯೊಳಗ ಗೀಚ್ಯಾನ.
ಓದಾಕ ಬರೂದು ಕಟ್ಟಿ ಮಾಸ್ತರಿಗೆ ಒಬ್ಬರಿಗ, ಅವರಿಗೆ ಕಣ್ಣು ಮಂದ.
ಕಾರಣ ಅನ್ನೂ ಜಾಗಾದಾಗ ಎರಡಕ್ಷರ.
ಭೂತಗನ್ನಡಿ ಹಿಡಿದು ಒಮ್ಮೆ ‘ಝೋಪ’ ಅಂತಾರ, ನಿದ್ದಿ.
ಚಾ ಕುಡಿದು ಮತ್ತೊಮ್ಮೆ ನೋಡಿ ‘ಲೇಕ’ ಅಂತಾರ, ಮಗಳು.

ಅವ್ವ ಸಾಯೂತನಾ, ಹುಟ್ಟಿದ ಯಾಳ್ಯಾ ಕೇಳಿದರ
‘ಹದಿಮೂರಕ್ಕ’ ಅಂತಿದ್ಲು, ನಗದ.

ಕಚೇರಿ ಈಗ ಬೈಪಾಸಿಗೆ ಹೋಗೈತಿ.
ಕಂಬಿ ಬೇವಿನಾಗ ಉಳದೈತಿ, ಟೊಂಗಿ ಅದನ್ನ ನುಂಗಾಕಹತ್ತೈತಿ.
ಮೊನ್ನೆ ಸಂಜಿಕ ಯಾರೂ ಇದ್ದಿದ್ದಿಲ್ಲ,
ಕಲ್ಲು ತಗೊಂಡು ಒಂದು ಕೊಟ್ಟೆ.
ಅರ್ಧಾ ದನಿ ಹೊರಗ ಬಂತು,
ಅರ್ಧಾ ಕಟ್ಟಿಗಿಯೊಳಗ ಹೋತು.