ಮೂರು ಚುಕ್ಕಿ

ಐವತ್ಮೂರಕ್ಕೆ ಮತ್ತೆ ಕಾಗುಣಿತ ಕಲಿಯುತ್ತಿದ್ದೇನೆ.
ಸಾಲಗಾಮೆ ರಸ್ತೆಯ ಕಾಲೇಜು, ಸಂಜೆ ಐದರ ಮೇಲೆ
ಗಣಿತದ ತಬಸ್ಸುಮ್ ಬೀಗ ತೆಗೆದುಕೊಡುವ ಲ್ಯಾಬು,
ಹೊರಗೆ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಗಳ ಸದ್ದು,
ಇದ್ದುದರಲ್ಲಿ ನೆಟ್ಟಗಿರುವ ಒಂದೇ ಕುರ್ಚಿ.

ಇತಿಹಾಸದವರಿಗೆ ಇದೆಲ್ಲ ಯಾಕೆ ಮೇಡಂ
ಎಂದ ಅಟೆಂಡರ್ ಪುಟ್ಟಸೋಮಣ್ಣನಿಗೆ ಹೇಳಲಿಲ್ಲ:
ಇಪ್ಪತ್ತಾರು ವರ್ಷ ಕೂಡಿಹಾಕಿದ ಆರುನೂರ ಹನ್ನೆರಡು ಶಾಸನ
ಒಂದೇ ಕಡತದಲ್ಲಿ ತಿದ್ದುತ್ತ ತಿದ್ದುತ್ತ
ಮೊದಲು ಏನು ಓದಿದ್ದೆ ಎಂಬುದೇ ಕಳೆದುಹೋಗಿದೆ.
ಕೊಳಗ ಖಂಡುಗವಾಗಿ, ಖಂಡುಗ ಎಕರೆಯಾಗಿ,
ಎಕರೆ ಯಾವಾಗಲೋ ನನ್ನ ಊಹೆಯಾಗಿ.

"ಇಲ್ಲಿ ಯಾವುದನ್ನೂ ತಿದ್ದುವ ಹಾಗಿಲ್ಲ,"
ಮೊದಲ ದಿನವೇ ಅಂದಳು ತಬಸ್ಸುಮ್,
"ಮೂರು ಅಂದರೆ ಮೂರೇ. ನಾಲ್ಕು ಬೇಕಾದರೆ ಹೊಸ ಹೆಸರಿಡಿ."
ನಗು ಬಂತು. ಇದು ನನಗೆ ಗೊತ್ತು.
ಕೆರೆಗೆ ಬಿಟ್ಟ ಗದ್ದೆಯನ್ನು ಮೊಮ್ಮಗ ಹೆಚ್ಚಿಸಿದರೆ
ಅಜ್ಜನ ಕಲ್ಲನ್ನು ಕೆರೆಯುವುದಿಲ್ಲ,
ಪಕ್ಕದಲ್ಲಿ ಇನ್ನೊಂದು ನೆಡುತ್ತಾನೆ.
ಅಳಿಸಿದವನು ಅರವತ್ತು ಸಾವಿರ ವರ್ಷ
ಹೇಸಿಗೆಯ ಹುಳುವಾಗಲಿ ಎಂದು ಕೊನೆಗೆ ಕೆತ್ತಿಸುತ್ತಾನೆ.
ಅವಳು ಕನ್ನಡಕ ಒರೆಸಿಕೊಂಡು,
"ನಮ್ಮ ಕಂಪೈಲರ್ ಅಷ್ಟು ಕಟುಕ ಅಲ್ಲ ಮೇಡಂ."

ಆಮೇಲೆ ಸಲೀಸಾಗಲಿಲ್ಲ.
ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನಿಗೆ
ನಿಲ್ಲುವ ಜಾಗ ಹೇಳಲು ಮರೆತು
ಫ್ಯಾನು ಹೋ ಎಂದು, ಯಂತ್ರ ಬೆವೆತು,
ಕರೆಂಟು ಹೋದದ್ದೇ ಪುಣ್ಯ.
ಪಟ್ಟಿಯಲ್ಲಿ ಒಂದೊಂದಕ್ಕೂ ಇದನ್ನೇ ಮಾಡು ಎನ್ನಲು
ಇರುವುದು ಒಂದು ಪದ; ನನಗೆ ಹಿಡಿದದ್ದು ಹನ್ನೊಂದು ದಿನ.
ನೋಟ್‌ಬುಕ್ಕಿನ ಹಿಂಬದಿಗೆ ಬರೆದುಕೊಂಡೆ:
ಇದು ಹಿಟ್ಟಿನ ಗಿರಣಿ ಹೌದು,
ಆದರೆ ರಾಗಿ ಹಾಗೇ ಉಳಿಯುತ್ತದೆ.

ಜೂನಿನಲ್ಲಿ ಮುಕ್ಕಾದ ಕಲ್ಲುಗಳ ಸರದಿ.
ಸವೆದ ಅಕ್ಷರಕ್ಕೆಂದೇ ಒಂದು ಜಾತಿ ಇದೆ ಆ ಭಾಷೆಯಲ್ಲಿ:
ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.
ಇದ್ದರೆ ಏನು ಮಾಡಬೇಕೆಂದು ಬರೆದೆ.
ಕೆಂಪು ಗೆರೆ ಎಳೆದು ಕೇಳಿತು, ಇಲ್ಲದಿದ್ದರೆ?

ಇಲ್ಲದಿದ್ದರೆ.

ಬಾಳಗಟ್ಟೆಯ ಕಲ್ಲು. ಪಟ್ಟಿಯಲ್ಲಿ ನಾನೂರ ಏಳು.
ತೂಬು ಕಟ್ಟಿಸಿದವಳ ಹೆಸರಿನಲ್ಲಿ
ಉಳಿದಿರುವುದು ಕೊನೆಯ 'ವ್ವೆ' ಒಂದೇ,
ಅದರ ಹಿಂದೆ ಮೂರಕ್ಷರದಷ್ಟು ಕಲ್ಲೇ ಎದ್ದುಹೋಗಿದೆ.
ಇಪ್ಪತ್ತೇಳರ ಹುರುಪಿನಲ್ಲಿ 'ಬಾಚಿಕ' ಎಂದು ತುಂಬಿದೆ.
ಡಾಕ್ಟರೇಟು ಬಂತು. ಬಾಚಿಕವ್ವೆ
ಇಬ್ಬರ ಅಡಿಟಿಪ್ಪಣಿಗೆ ಹೋದಳು, ಒಂದು ಪಠ್ಯಕ್ಕೆ,
ಅರಸೀಕೆರೆಯ ಮಹಿಳಾ ಸಂಘವೊಂದರ ಬೋರ್ಡಿಗೆ.
ಸುತ್ತ ಹಾಕಿದ್ದ ಚೌಕ ಕಂಸ
ದಾರಿಯಲ್ಲೆಲ್ಲೋ ಬಿದ್ದುಹೋಯಿತು.
ಕೆರೆದವರಿಗೆ ಹುಳುವಿನ ಜನ್ಮ, ಸರಿ.
ತುಂಬಿದವರಿಗೆ ಏನೆಂದು
ಯಾವ ಕಲ್ಲಿನಲ್ಲೂ ಓದಿಲ್ಲ ನಾನು.

ತಬಸ್ಸುಮ್‌ಗೆ ಹೇಳಿದೆ. ಏನೂ ಅನ್ನದೆ
ಕಡಲೆಬೀಜದ ಡಬ್ಬಿ ನನ್ನ ಕಡೆ ಸರಿಸಿದಳು.
ಇಲ್ಲದಿದ್ದರೆ ಎಂಬಲ್ಲಿ ಮೂರು ಚುಕ್ಕಿ ಒತ್ತಿದೆ.
ಕೆಂಪು ಹೋಯಿತು.
ಆರುನೂರ ಹನ್ನೆರಡೂ ಸಾಲುಸಾಲಾಗಿ ಹಾದು ಬಂದವು;
ಹಳೆಯ ಕಡತ ಇದ್ದಲ್ಲೇ ಇತ್ತು,
ಬಾಚಿಕವ್ವೆಯ ಸಮೇತ.

ಭಾನುವಾರ ಅರಸೀಕೆರೆ ಬಸ್ಸು, ಅಲ್ಲಿಂದ ಆಟೋ.
ಕಲ್ಲು ಈಗ ನಲ್ಲಿಯ ಮಗ್ಗುಲಲ್ಲಿ,
ಕೊಡ ಇಳಿಸಲು ಹೇಳಿಮಾಡಿಸಿದ ಎತ್ತರ.
ಆ ಜಾಗಕ್ಕೆ ಬೆರಳಿಟ್ಟೆ:
ತಣ್ಣಗೆ, ನುಣ್ಣಗೆ, ಒಂಚೂರು ಸೋಪು.
"ಏನಂತೆ ಬರ್ದಿರೋದು?" ನೀರಿಗೆ ಕಾದವಳು ಕೇಳಿದಳು.
ಯಾರೋ ಒಬ್ಬಳು ತೂಬು ಕಟ್ಟಿಸಿದಳಂತೆ, ಹೆಸರು ಗೊತ್ತಿಲ್ಲ, ಎಂದೆ.
"ಗೊತ್ತಿಲ್ಲ ಅನ್ನಾಕೆ ಹಾಸನದಿಂದ ಬಂದ್ರಾ?"
ಹೂಂ, ಎಂದೆ.
ಅವಳು ಒಂದು ಗಳಿಗೆ ನೋಡಿ
ತನ್ನ ಕೊಡವನ್ನು ಕಲ್ಲಿನಿಂದ
ಒಂದು ಗೇಣು ಆಚೆಗಿಟ್ಟಳು.